ಬೆಳ್ಳಿಯ ಅಡ್ಡಣಿಗೆ

ಪ್ರಸಾದದ ತಾಟನ್ನು ಬರಿಯ ನೆಲದ ಮೇಲಿಡದೆ ಮುಕ್ಕಾಲಿಯ ಮೇಲಿಡುವುದು ನಮ್ಮ ಮನೆತನಗಳಲ್ಲಿ ಹಿಂದಿನಿಂದ ಬಂದ ರೂಢಿ. ಆ ಮುಕ್ಕಾಲಿಗೆ ಅಡ್ಡಣಿಗೆಯೆಂದು ಹೆಸರು. ಕಟ್ಟಿಗೆಯದು, ಹಿತ್ತಾಳೆಯದು ಸಾಮಾನ್ಯ, ಬೆಳ್ಳಿಯದು ವಿರಳ. ತಾಟನ್ನೂ ಕಾಲುಗಳನ್ನೂ ಒಂದಾಗಿ ಬೆಸೆದ ಬೆಳ್ಳಿಯ ಅಡ್ಡಣಿಗೆಯೊಂದನ್ನು ಬನಹಟ್ಟಿಯ ನೇಕಾರ ಮನೆತನವೊಂದರಲ್ಲಿ ನಾವು ಕಂಡೆವು. ಮೂವರು ಸಹೋದರರು ಪಾಲಾಗುವ ಹೊತ್ತಿಗೆ ಹಿರಿಯರೆಂದು ನಮ್ಮನ್ನು ಕರೆಸಿದ್ದರು.

ತೂಕ ನೂರು ತೊಲೆ, ಎಂದರೆ ಸುಮಾರು 1,166 ಗ್ರಾಂ. ಹಿಂದಿನ ರಾಣಿ ಛಾಪಿನ ರೂಪಾಯಿ ಸರಿಯಾಗಿ ಒಂದು ತೊಲೆ ತೂಗುತ್ತಿತ್ತು. ಅದರಲ್ಲಿ 12ಕ್ಕೆ 11 ಪಾಲು ಬೆಳ್ಳಿ. ಅಕ್ಕಸಾಲಿಗನಿಗೆ ರೂಪಾಯಿಗಳನ್ನೇ ಎಣಿಸಿಕೊಟ್ಟು ಪಾತ್ರೆ ಮಾಡಿಸುತ್ತಿದ್ದರು, ಕೂಲಿ ಬೇರೆ. 1940ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದ ಮೇಲೆ ಆ ಲೆಕ್ಕ ಮುರಿಯಿತು. ಈ ಅಡ್ಡಣಿಗೆ ಅದಕ್ಕೂ ಮೊದಲಿನದು.

ಮಾಡಿಸಿದವರು ಮುಧೋಳದ ತಂದೆಯೊಬ್ಬರು, ಮಗಳ ಮದುವೆಗೆ. ಆಗ ಮುಧೋಳ ಘೋರ್ಪಡೆಯವರ, ಜಮಖಂಡಿ ಪಟವರ್ಧನರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ತಾಟಿನ ಅಂಚಿನಲ್ಲಿ ಚುಕ್ಕಿಗಳಿಂದ ಕೊರೆದ ಹೆಸರು ಆ ತಾಯಿಯದೇ, ಗಂಡನದಲ್ಲ. ವಿಭೂತಿಯಿಂದ ತಿಕ್ಕಿ ತಿಕ್ಕಿ ಅಕ್ಷರಗಳು ಸವೆದಿವೆ. ನೂಲು ತುಟ್ಟಿಯಾದ ವರ್ಷ ಅದು ಜಮಖಂಡಿಯ ಸಾವುಕಾರರಲ್ಲಿ ಒತ್ತೆ ಬಿದ್ದಿತು. ಅವರು ಗುರುತಿಗೆಂದು ಎಳೆದ ಗೀರು ಕಾಲಿನ ಮೇಲೆ ಇನ್ನೂ ಇದೆ. ಬಿಡಿಸಿಕೊಂಡವರು ಆ ತಾಯಿಯೇ, ಕಂಡಿಕೆ ಸುತ್ತಿ ಕೂಡಿಹಾಕಿದ ಹಣದಿಂದ. ಮುಂದೆ ಅವರ ಮಗಳೊಡನೆ ಅದು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿಗೆ ಹೋಯಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಊರು ಮುಳುಗಡೆಯಾದಾಗ, ಮಕ್ಕಳಿಲ್ಲದ ಆಕೆ ಅದನ್ನು ತವರಿಗೇ ಮರಳಿ ತಂದರು.

ಕರಗಿಸಿ ಮೂರು ಪಾಲು ಮಾಡೋಣವೆಂದು ಹಿರಿಯವನ ಮಾತು. ಮಾರಿ ಮಗ್ಗದ ಸಾಲಕ್ಕೆ ತುಂಬೋಣವೆಂದು ನಡುವಿನವನದು. ಅವನನ್ನು ತಳ್ಳಿಹಾಕುವಂತಿರಲಿಲ್ಲ, ಸಾಲ ನಿಜವಾಗಿತ್ತು. ಕಿರಿಯವನು ಮಾತ್ರ, "ಅಜ್ಜಾರ, ನೀವ ಹೇಳ್ರಿ" ಎಂದ.

"ಒತ್ತೆ ಬಿಡಿಸಿದವರ ಹೆಸರು ಇದರ ಮೇಲಿದೆ. ಕರಗಿಸುವ ಮೊದಲು ಒಮ್ಮೆ ಓದಿರಿ" ಎಂದೆವು. ಹಿರಿಯವನು ಬೆರಳಾಡಿಸಿ ಅಜ್ಜಿಯ ಹೆಸರನ್ನು ಓದಿದ. ಓದಿದ ಮಾತ್ರಕ್ಕೆ ಸಾಲ ತೀರಲಿಲ್ಲವಷ್ಟೆ! ನಡುವಿನವನ ಪಾಲಿನ ಬೆಲೆಯನ್ನು ಉಳಿದಿಬ್ಬರು ಕಂತಿನಲ್ಲಿ ಕೊಡುವುದೆಂದೂ, ಅಡ್ಡಣಿಗೆ ವರ್ಷಕ್ಕೊಂದು ಮನೆಯಲ್ಲಿರುವುದೆಂದೂ ದೀಪ ಹಚ್ಚುವ ಹೊತ್ತಿಗೆ ಒಪ್ಪಂದವಾಯಿತು.

ಹಣ ಪಡೆದವರ ಮನೆಗೂ ಪಾಳಿ ಉಂಟೇ ಎಂದು ಹಿರಿಯ ಸೊಸೆ ಕೇಳಿದರು. ಉಂಟು ಎಂದೆವು, ಮೊದಲನೆಯ ಪಾಳಿಯೇ ಅವರದು.