ನೀರು ಹೊಡೆಯದ ಮೆಣಸಿನಕಾಯಿ

ಬ್ಯಾಡಗಿ ಪೇಟೆಯ ಮಂದಿ ನಮ್ಮ ದೊಡ್ಡಪ್ಪನ ಬಗ್ಗೆ ಎರಡು ಮಾತು ಹೇಳುತ್ತಿದ್ದರು. ಒಂದು, ಅವ ಮೆಣಸಿನಕಾಯಿಗೆ ನೀರು ಹೊಡೆಯುವುದಿಲ್ಲ. ಎರಡು, ಅಷ್ಟು ಬುದ್ಧಿ ಅವನಿಗಿಲ್ಲ.

ನೀರು ಹೊಡೆಯುವುದನ್ನು ಸಾರಾಸಗಟಾಗಿ ಪಾಪ ಅನ್ನುವಂತಿಲ್ಲ. ಕಣದಲ್ಲಿ ಗರಿಗರಿ ಒಣಗಿದ ಕಾಯಿಯನ್ನು ಚೀಲಕ್ಕೆ ತುಂಬಿ ತುಳಿದರೆ ಪುಡಿಯಾಗುತ್ತದೆ, ಬೀಜ ಉದುರುತ್ತದೆ. ಅದಕ್ಕೇ ಒಂದಿಷ್ಟು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಆ ಒಂದಿಷ್ಟು ಎಂಬುದು ಎಷ್ಟು ಎನ್ನುವಲ್ಲೇ ಮನುಷ್ಯನ ಪರೀಕ್ಷೆ. ಕೈಯಿಂದ ಚಿಮುಕಿಸಿದರೆ ಕಾಯಿ ಉಳಿಯುತ್ತದೆ, ಕೊಡದಿಂದ ಸುರಿದರೆ ತೂಕ ಬೆಳೆಯುತ್ತದೆ. ದೊಡ್ಡಪ್ಪ ಕೈಯನ್ನೂ ನಂಬುತ್ತಿರಲಿಲ್ಲ. ಬೆಳಗಿನ ಜಾವದ ಇಬ್ಬನಿ ಬಿದ್ದು ಕಾಯಿ ತಾನಾಗಿಯೇ ಮೆತ್ತಗಾದಾಗ ಎದ್ದು ತುಂಬಿಸುತ್ತಿದ್ದ. “ಇಬ್ಬನಿ ದೇವರದ್ದು, ಅದರ ತೂಕಾನೂ ಅವನ್ದ” ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದ. ಇಬ್ಬನಿಗೂ ಒಂದಿಷ್ಟು ತೂಕ ಇರುತ್ತದೆ ಎಂಬ ಅರಿವು ಅವನಿಗಿತ್ತು ಅನ್ನುವುದಕ್ಕೆ ಆ ಮಾತೇ ಸಾಕ್ಷಿ.

ಅವ ಬೆಳೆಯುತ್ತಿದ್ದದ್ದು ಡಬ್ಬಿ ಕಾಯಿ. ಗಿಡ್ಡ, ದುಂಡಗೆ, ಮೈತುಂಬ ಸುಕ್ಕು. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಈ ಕಾಯಿಯಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ರಂಗಿಗೂ ಹೋಗುತ್ತದೆ ಎಂದು ನಾನು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಉರಿಯೂದಿಲ್ಲೇನು?” ಎಂದು ಕೇಳಿದ. ರಾಣೆಬೆನ್ನೂರಿನ ಬೀಜದಂಗಡಿಗಳಲ್ಲಿ ಬಣ್ಣಬಣ್ಣದ ಪಾಕೀಟುಗಳು ಸಾಲುಗಟ್ಟಿದ್ದರೂ ಡಬ್ಬಿಗೆ ಮಾತ್ರ ಮನೆಯ ಬೀಜ. ಅದನ್ನು ದೊಡ್ಡವ್ವ ಗಡಿಗೆಯಲ್ಲಿ ಬೂದಿ ಬೆರೆಸಿ ಇಡುತ್ತಿದ್ದಳು.

ಪೇಟೆಯಲ್ಲಿ ಇಷ್ಟು ಸಾಚಾ ಇದ್ದವ ಚರ್ಚಿನಲ್ಲಿ ಮಾತ್ರ ಪಕ್ಕಾ ಖಿಲಾಡಿ. ಸುಗ್ಗಿ ಹಬ್ಬದ ಭಾನುವಾರ ನಮ್ಮ ಸಭೆಯವರು ಬೆಳೆದದ್ದನ್ನೆಲ್ಲ ತಂದು ಪೀಠದ ಮುಂದೆ ಒಟ್ಟುತ್ತಾರೆ: ಜೋಳದ ತೆನೆ, ಕುಂಬಳಕಾಯಿ, ತತ್ತಿ, ಪ್ರಾರ್ಥನೆಯ ನಡುವೆ ಕೂಗುವ ಹುಂಜ. ಆರಾಧನೆ ಮುಗಿದ ಮೇಲೆ ಲಿಲಾವು. ಬ್ಯಾಡಗಿಯಲ್ಲಿ ಈಗ ದರವೆಲ್ಲ ಕಂಪ್ಯೂಟರಿನೊಳಗೆ ತೀರ್ಮಾನವಾಗುತ್ತದೆ. ಬಾಯಿಬಿಟ್ಟು ಕೂಗುವ ಲಿಲಾವಿನ ಸೊಗಸು ನೋಡಬೇಕಾದರೆ ಚರ್ಚಿಗೇ ಬರಬೇಕು. ದೊಡ್ಡಪ್ಪ ತಾನು ಕಾಣಿಕೆ ಕೊಟ್ಟ ಕುಂಬಳಕಾಯಿಗೆ ತಾನೇ ಹುಡುಗರನ್ನು ಛೂ ಬಿಟ್ಟು ಸವಾಲು ಏರಿಸುತ್ತಿದ್ದ. ಯಾರಾದರೂ ಮಾಸ್ತರರು ಹುರುಪಿಗೆ ಬಿದ್ದು ಪೇಟೆಯ ಹತ್ತು ಪಟ್ಟು ಕೂಗಿದೊಡನೆ ಹುಡುಗರು ಮಾಯ. ಮಾಸ್ತರರು ಕುಂಬಳಕಾಯಿ ಹೊತ್ತು ಮನೆಗೆ ಹೋಗಿ ಹೆಂಡತಿಗೆ ಉತ್ತರ ಹೇಳಬೇಕು. “ಇದು ಮೋಸ ಅಲ್ಲೇನ್ರೀ?” ಎಂದು ಯಾರೋ ಕೇಳಿದ್ದಕ್ಕೆ, “ರೊಕ್ಕ ನನ್ನ ಕಿಸೆಕ್ಕ ಬಂದಿದ್ರ ಮೋಸ” ಎಂದಿದ್ದ.

ಧಾರವಾಡಕ್ಕೆ ಬಾಸೆಲ್ ಮಿಷನ್ನಿನವರು ಬಂದದ್ದು 1837ರಲ್ಲಿ. 1853ರಲ್ಲಿ ಬಂದ ಕಿಟೆಲ್ ಸಾಹೇಬರು 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಕೊಟ್ಟರು. ಹೊಲ ಮನೆಯ ಮಾತಿನಲ್ಲಿ ಯಾರಾದರೂ ತಪ್ಪು ತೆಗೆದರೆ, “ಕಿಟೆಲ್ ಸಾಹೇಬರು ನಮ್ಮಂಥವರನ್ನ ಕೇಳೇ ಬರದಾರ” ಎಂದು ದೊಡ್ಡಪ್ಪ ಬಾಯಿ ಮುಚ್ಚಿಸುತ್ತಿದ್ದ. ಆ ನಿಘಂಟನ್ನು ಅವ ತೆರೆದದ್ದನ್ನು ನಾನಂತೂ ಕಂಡಿಲ್ಲ. ಮಿಷನ್ನಿನವರು ಬಿಟ್ಟುಹೋದ ಜರ್ಮನ್ ರಾಗಗಳನ್ನು ಮಾತ್ರ ಅವ, ಕಣದಲ್ಲಿ ಎತ್ತು ತಿರುಗಿಸುತ್ತ ಹಾಡುವ ಹಂತಿಪದದ ಎಳೆತದಲ್ಲಿ ಹಾಡುತ್ತಿದ್ದ. ಹಾರ್ಮೋನಿಯಂ ಮುಂದಿನ ಚರಣಕ್ಕೆ ಹೋದರೂ ಇವನ ಎತ್ತು ಇನ್ನೂ ಹಿಂದಿನ ಸಾಲಿನಲ್ಲೇ ತಿರುಗುತ್ತಿತ್ತು.

ದಸರೆಗೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಕಾರಣಿಕ ಕೇಳಲಿಕ್ಕೂ ಹೋಗುತ್ತಿದ್ದ. ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲು ನುಡಿದು ಬಿದ್ದುಬಿಡುತ್ತಾನೆ. ಅದು ಮಳೆಗೋ, ಸರಕಾರಕ್ಕೋ, ಮೆಣಸಿನಕಾಯಿ ದರಕ್ಕೋ ಎಂದು ಊರೂರ ಕಟ್ಟೆಯಲ್ಲಿ ತಿಂಗಳುಗಟ್ಟಲೆ ವಾದ. ಸಭಾಪಾಲಕರು ಒಮ್ಮೆ ಮೆಲ್ಲಗೆ ಈ ಸಂಗತಿ ಎತ್ತಿದರು. “ಮೂಡಣ ದೇಶದ ಜೋಯಿಸರೂ ಚುಕ್ಕಿ ನೋಡಿಕೋತನ ಬೆತ್ಲೆಹೇಮಿಗೆ ಬಂದ್ರಲ್ರೀ” ಎಂದ. ಸಭಾಪಾಲಕರು ಚಹಾ ಕುಡಿದು ಎದ್ದರು.

2024ರ ಮಾರ್ಚ್ 11, ಸೋಮವಾರ. ದರ ಕುಸಿದದ್ದಕ್ಕೆ ರೈತರ ಸಿಟ್ಟು ನೆತ್ತಿಗೇರಿ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಸುಟ್ಟವು. ಅವತ್ತು ದೊಡ್ಡಪ್ಪ ಹೊತ್ತು ಮುಳುಗಿದ ಮೇಲೆ ಮನೆಗೆ ಬಂದ. ಊಟಕ್ಕೆ ಕುಳಿತವ ರೊಟ್ಟಿ ಮುರಿಯದೆ, “ನಾನೂ ಒಂದು ಕಲ್ಲು ಎತ್ತಿದ್ದೆ” ಎಂದ. ಆಮೇಲೆ? ದೊಡ್ಡವ್ವ ಕೇಳಿದಳು. “ಕೈಯಾಗ ಹಿಡಕೊಂಡು ನಿಂತೆ. ಒಗಿಯಾಕ ಹೊತ್ತಾತು ಅಂತ ಕೆಳಗಿಟ್ಟೆ.” ಆ ಭಾನುವಾರ ಅವ ಹಾಡಲಿಲ್ಲ. ಹಾರ್ಮೋನಿಯಂ ನುಡಿಸುವವರು ಮೊದಲ ಬಾರಿಗೆ ಹಿಂದಿರುಗಿ ನೋಡಿದರು.

ಮರುವರ್ಷ ಕಾಯಿ ಬಿಡಿಸಿ ಮುಗಿದ ಮೇಲೆ ಒಂದು ಮಂಗಳವಾರ ನಸುಕಿನಲ್ಲಿ ತೀರಿಕೊಂಡ. ಬ್ಯಾಡಗಿ ಪೇಟೆ ಸೋಮವಾರ ಮತ್ತು ಗುರುವಾರ, ಆರಾಧನೆ ಭಾನುವಾರ. ಯಾರ ದಿನವನ್ನೂ ಕೆಡಿಸದೆ ಹೋದ ಎಂದು ದಲಾಲರೊಬ್ಬರು ನಿಜವಾದ ಮೆಚ್ಚುಗೆಯಿಂದ ಹೇಳಿದರು. ಅವರೇ ಹಾವೇರಿಯಿಂದ ಏಲಕ್ಕಿ ಮಾಲೆ ತಂದಿದ್ದರು. ಮಂತ್ರಿಗಳ ಕೊರಳಿಗೆ ಬೀಳುವ ಅಂಥದ್ದು ದೊಡ್ಡಪ್ಪನ ಎದೆಯ ಮೇಲೆ ಮಲಗಿ ಘಮಘಮಿಸಿತು. ಓಣಿಯ ಭಜನಾ ಮಂಡಳಿಯವರು ಅಂಗಳದಲ್ಲಿ ತಾಳ ಹಿಡಿದು ಕುಳಿತರು, ನಮ್ಮವರು ಪಡಸಾಲೆಯಲ್ಲಿ ಕೀರ್ತನೆ ಎತ್ತಿಕೊಂಡರು. ಹೋರಿ ಹಬ್ಬದ ಹುಡುಗರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಅಳುತ್ತಿದ್ದ ದೊಡ್ಡವ್ವ ತಟ್ಟನೆ ಸೆರಗಿನಿಂದ ಮುಖ ಒರೆಸಿಕೊಂಡು, ಮಾಲೆ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. “ಏಲಕ್ಕಿ ಮಣ್ಣಾಗ ಹಾಕ್ತಾರೇನು? ಅವರ ಎದ್ದು ಬೈತಾರ.” ಬಂದವರಿಗೆಲ್ಲ ಆ ಬೇಸಿಗೆಯುದ್ದಕ್ಕೂ ಏಲಕ್ಕಿ ಚಹಾ ಸಿಕ್ಕಿತು.

ನೆನಪಿನ ಕೂಟದ ದಿನ ದೊಡ್ಡಪ್ಪನದೇ ಸತ್ಯವೇದದಿಂದ ಪಾಠ ಓದಲಿ ಎಂದು ತೀರ್ಮಾನವಾಯಿತು. ಹಳೆಯ ರಟ್ಟು, ಅಂಚಿಗೆ ಖಾರದ ಕೆಂಪು. ಮೊದಲ ಹಾಳೆಯಲ್ಲಿ ಮನೆಯವರ ಜನ್ಮ, ದೀಕ್ಷಾಸ್ನಾನ, ಮದುವೆ, ಮರಣ. ಅದರ ಬೆನ್ನಿಗೇ ಯಾವ ಮಳೆ ಹೇಗೆ ಸುರಿಯಿತು, ಯಾರಿಗೆ ಏನು ಕೊಟ್ಟದ್ದು ಬರಬೇಕು ಎಂಬ ಲೆಕ್ಕ. ಸಭಾಪಾಲಕರು ಗುರುತಿಗೆ ಇಟ್ಟಿದ್ದ ಚೀಟಿ ಹುಡುಕಿ ಪುಟ ತೆರೆದರು, ಕನ್ನಡಕ ಸರಿಮಾಡಿಕೊಂಡರು, ಸುಮ್ಮನಾದರು. ಒಮ್ಮೆ ಕೆಮ್ಮಿ ಬಾಯಿಪಾಠವಿದ್ದ ಕೀರ್ತನೆಯೊಂದನ್ನು ಹೇಳಿ ಮುಗಿಸಿದರು. ಆಮೇಲೆ ನಾನು ಹೋಗಿ ನೋಡಿದೆ. ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: “ಅಯ್ಯನವರು, ಜೋಳ ಎರಡು ಚೀಲ, ಬಾಕಿ.”

ಎರಡು ದಿನ ಕಳೆಯುವುದರೊಳಗೆ ಟಂಟಂ ಗಾಡಿಯಲ್ಲಿ ಎರಡು ಚೀಲ ಜೋಳ ಬಂದು ಕಟ್ಟೆಯ ಮೇಲೆ ಇಳಿಯಿತು. ದೊಡ್ಡವ್ವ ಒಂದನ್ನು ಒಳಗೆ ಹಾಕಿಸಿ, ಇನ್ನೊಂದನ್ನು ಅದೇ ಗಾಡಿಯಲ್ಲಿ ತಿರುಗಿ ಕಳಿಸಿದಳು. “ಒಂದು ಚೀಲ ಹೋದ ವರ್ಷನ ಮುಟ್ಟೇತಿ ಅಂತ ಅಯ್ಯನವರಿಗೆ ಹೇಳ್ರಿ. ಇವರು ಬರದಿಲ್ಲ. ತಗೊಂಡಿದ್ದು ಬರಿಯಾಕ ಇವರಿಗೆ ಯಾವಾಗಲೂ ಪೆನ್ಸಿಲ್ ಸಿಗ್ತಿರಲಿಲ್ಲ.”