ಎನ್. ಬೇಗೂರಿನ ಬಾವಿಯಲ್ಲಿ ಎರಡು ಕ್ಯಾಮರಾಗಳು

ಹೆಗ್ಗಡದೇವನಕೋಟೆಯ ಸೀಮೆಗೆ ಹೋಗುವ ಪ್ರವಾಸಿಗರಲ್ಲಿ ಬಹುಮಂದಿ ಆನೆಯನ್ನೋ ಹುಲಿಯನ್ನೋ ನೋಡಲೆಂದು ಹೋಗುವರು. ನಾವು ಕಳೆದ ಮಾಘಮಾಸದಲ್ಲಿ ಎನ್. ಬೇಗೂರಿಗೆ ಹೋದದ್ದಾದರೋ ಒಂದು ಬಾವಿಯ ಸಲುವಾಗಿ.

ಈ ಗ್ರಾಮವು ಕಬಿನಿಯ ಹಿನ್ನೀರಿಗೂ ಬಂಡೀಪುರದ ಅರಣ್ಯಕ್ಕೂ ಸಮೀಪವಾಗಿದೆ. ಅಲ್ಲಿನ ಅರಣ್ಯವಲಯವೊಂದಕ್ಕೆ ಇದರ ಹೆಸರನ್ನೇ ಇಟ್ಟಿದ್ದಾರೆ. ಹಿರಿಯರು ಕಪಿಲೆಯೆಂದು ಕರೆಯುವ ಈ ನದಿಯು ವಯನಾಡಿನಲ್ಲಿ ಹುಟ್ಟಿ, ಕಾಡುಗಳ ನಡುವೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಬೀಚನಹಳ್ಳಿಯ ಬಳಿಯ ಅಣೆಕಟ್ಟು 1974ರಲ್ಲಿ ಪೂರ್ಣವಾದ ಮೇಲೆ ಇಲ್ಲಿ ನದಿಯು ಸರೋವರವಾಯಿತು. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ನೆಲವೂ ಅನೇಕ ಊರುಗಳೂ ಅದರ ಗರ್ಭವನ್ನು ಸೇರಿದವು. ನೀರಿನಿಂದ ತಲೆಯೆತ್ತಿ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿರುವುದನ್ನು ಇಂದಿಗೂ ಕಾಣಬಹುದು.

ನಮ್ಮಲ್ಲಿ ಸಂಸ್ಕೃತ ಓದಿದ ಶಿಷ್ಯನೊಬ್ಬನು ಅಲ್ಲಿ ತೋಟ ಮಾಡಿಕೊಂಡಿದ್ದಾನೆ. ಮಳೆಗಾಲ ಕಳೆದ ಮೇಲೆ ಮುರುಡೇಶ್ವರಕ್ಕೆ ಹೋಗಿ, ತೀರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗಿ ಮೀನುಗಳ ಚಿತ್ರ ತೆಗೆಯುವುದು ಅವನ ಹವ್ಯಾಸ. ಹಡಗಿನಲ್ಲಿ ಉದ್ಯೋಗದಲ್ಲಿದ್ದ ಅವನ ಸೋದರಮಾವನು ಕಾಲವಾಗುವಾಗ ತನ್ನ ನಿಕೋನೋಸ್ ಕ್ಯಾಮರಾವನ್ನು ಅವನಿಗೆ ಬಿಟ್ಟುಹೋಗಿದ್ದನು. ಅದಕ್ಕೀಗ ಬೆಂಗಳೂರಿನಲ್ಲಿ ಒಬ್ಬ ಗಿರಾಕಿ ಸಿಕ್ಕಿದ್ದಾನೆ. ಅದನ್ನು ಮಾರಿ, ತೋಟದ ಪಂಪಿಗೆಂದು ಕೂಡಿಟ್ಟ ಹಣವನ್ನೂ ಸೇರಿಸಿದರೆ ಹೊಸದೊಂದು ಡಿಜಿಟಲ್ ಕ್ಯಾಮರಾವೂ ಅದರ ಜಲಕವಚವೂ ಬರುತ್ತವೆ. ಅವನ ಪತ್ನಿಯು ಈ ವಿಷಯದಲ್ಲಿ ಮೌನವಾಗಿದ್ದಳು. ಆ ಮೌನದ ಅರ್ಥವು ಗೃಹಸ್ಥರಾದ ವಾಚಕರಿಗೆ ತಿಳಿಯದ್ದೇನಲ್ಲ. "ಮೇಷ್ಟ್ರೇ, ತಾವೇ ಬಂದು ನೋಡಿ ಹೇಳಬೇಕು" ಎಂದು ಅವನು ಕರೆದನು.

ಹಳತು ಹೊಸತೆಂಬ ಮಾತು ಬಂದೊಡನೆ ನಮ್ಮವರು ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯನ್ನು ನೆನೆಯುವುದು ವಾಡಿಕೆ. ಆದರೆ ಕಾಳಿದಾಸನು ಕಾವ್ಯದ ವಿಷಯವಾಗಿ ನುಡಿದನೇ ಹೊರತು ಯಾವ ಲೆನ್ಸನ್ನು ಇಟ್ಟುಕೊಳ್ಳಬೇಕೆಂದು ಹೇಳಲಿಲ್ಲವಷ್ಟೆ.

ನೀರೊಳಗೆ ಚಿತ್ರ ತೆಗೆಯುವ ವಿದ್ಯೆಯೇನೂ ನಿನ್ನೆ ಮೊನ್ನೆಯದಲ್ಲ. 1856ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಥಾಮ್ಸನ್ ಎಂಬುವರು ಕ್ಯಾಮರಾವನ್ನು ಪೆಟ್ಟಿಗೆಯಲ್ಲಿಟ್ಟು ಕಡಲಿಗಿಳಿಸಿದ್ದರು. 1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನರು ತಾವೇ ಮುಳುಗಿ ಚಿತ್ರಗಳನ್ನು ತೆಗೆದರು. ಪೆಟ್ಟಿಗೆಯ ಹಂಗಿಲ್ಲದೆ ತಾನೇ ನೀರಿಗಿಳಿಯಬಲ್ಲ ಪುಟ್ಟ ಕ್ಯಾಮರಾ ಬಂದದ್ದು ಕುಸ್ತೋ ಅವರ ಪ್ರೇರಣೆಯಿಂದ. ಬೆಲ್ಜಿಯಮಿನ ಜಾನ್ ದ ವೂಟರ್ಸ್ ಅದನ್ನು ರೂಪಿಸಿದರು. ಅದನ್ನೇ ಜಪಾನಿನ ನಿಕಾನ್ ಸಂಸ್ಥೆಯವರು ಕೈಗೆತ್ತಿಕೊಂಡು 1963ರಲ್ಲಿ ನಿಕೋನೋಸ್ ಎಂಬ ಹೆಸರಿನಿಂದ ಹೊರತಂದರು. ನಮ್ಮ ಶಿಷ್ಯನ ಬಳಿಯಿದ್ದುದು 1984ರಲ್ಲಿ ಬಂದ ಐದನೆಯ ಮಾದರಿ. 2001ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು.

ಹಿನ್ನೀರಿನಲ್ಲಿ ಮೊಸಳೆಗಳಿವೆ, ಅರಣ್ಯ ಇಲಾಖೆಯ ಕಟ್ಟಳೆಯೂ ಇದೆ. ಆದುದರಿಂದ ಪರೀಕ್ಷೆಗೆ ತೋಟದ ಮೆಟ್ಟಿಲುಬಾವಿಯನ್ನೇ ಆರಿಸಿದೆವು. ನೀರಿನ ಮಟ್ಟದಿಂದ ಕೆಳಗಿನ ನಾಲ್ಕನೆಯ ಮೆಟ್ಟಿಲಿನ ಮೇಲೆ ಹಿತ್ತಾಳೆಯ ಬಿಂದಿಗೆಯೊಂದನ್ನಿರಿಸಿ, ಶಿಷ್ಯನು ಕನ್ನಡಿಯ ಮುಖವಾಡ ಧರಿಸಿ ಇಳಿದನು. ಹಳೆಯ ಕ್ಯಾಮರಾದ ಜೊತೆಗೆ, ಸ್ನೇಹಿತನಿಂದ ಎರವಲು ತಂದ ಹೊಸದನ್ನೂ ಅದರ ಕವಚದಲ್ಲಿಟ್ಟು ಒಯ್ದನು.

ನೀರು ಕಣ್ಣನ್ನು ವಂಚಿಸುವ ಬಗೆ ವಿಚಿತ್ರ. ನಾಲ್ಕು ಅಡಿಯ ದೂರದ ವಸ್ತು ಮೂರೇ ಅಡಿಯಲ್ಲಿದ್ದಂತೆ ತೋರುತ್ತದೆ. ಸಮುದ್ರದಲ್ಲಿ ಕೆಲವು ಮೀಟರು ಇಳಿಯುವಷ್ಟರಲ್ಲಿಯೇ ಕೆಂಪು ಬಣ್ಣವು ಕಂದಿ, ಕುಂಕುಮವೂ ಕಾಡಿಗೆಯಂತೆ ಕಾಣುವುದಂತೆ. ಅದನ್ನು ಮರಳಿ ಪಡೆಯಬೇಕಾದರೆ ಫ್ಲ್ಯಾಷ್ ದೀಪ ಬೇಕು. ಆ ದೀಪವು ಲೆನ್ಸಿನ ಪಕ್ಕದಲ್ಲೇ ಇದ್ದರೆ ನೀರಿನ ಧೂಳಿಯೆಲ್ಲ ಬೆಳಗಿ ಚಿತ್ರದ ಮೇಲೆ ಹಿಟ್ಟು ಚೆಲ್ಲಿದಂತಾಗುತ್ತದೆ. ಆದುದರಿಂದ ಅದನ್ನು ತೋಳಿನಷ್ಟು ದೂರಕ್ಕೆ ಚಾಚಿ ಹಿಡಿಯುವರು. ಈ ಕಷ್ಟಗಳು ಹಳೆಯ ಯಂತ್ರಕ್ಕೂ ಹೊಸತಕ್ಕೂ ಸಮಾನವೇ.

ಭೇದವಿರುವುದು ಬೇರೆಡೆಯಲ್ಲಿ. ನಿಕೋನೋಸಿನಲ್ಲಿ ನೋಡುವ ಕಿಂಡಿಯೊಂದು, ಚಿತ್ರ ಬೀಳುವ ಲೆನ್ಸೊಂದು. ದೂರವನ್ನು ಕಣ್ಣಂದಾಜಿನಿಂದಲೇ ತಿರುಗಿಸಿಕೊಳ್ಳಬೇಕು. ಫಿಲ್ಮಿನ 36 ಚಿತ್ರಗಳು ಮುಗಿದರೆ ಮೇಲೆ ಬಂದೇ ಬದಲಾಯಿಸಬೇಕು. ಹೊಸದರಲ್ಲಿ ತೆಗೆದ ಚಿತ್ರವು ಆ ಕ್ಷಣವೇ ಕಾಣುತ್ತದೆ. ಬೆಳಕು ಸಾಲದಿದ್ದರೆ ಯಂತ್ರದ ಗ್ರಹಣಶಕ್ತಿಯನ್ನು ಏರಿಸಬಹುದು. ಫಿಲ್ಮನ್ನು ಸಂಸ್ಕರಿಸಿ ತರಿಸಲು ಮೂರು ವಾರ ಹಿಡಿಯಿತು. ನೆಟ್ಟಗೆ ಬಂದವು ಏಳೇ ಚಿತ್ರಗಳು. ಹೊಸದರಲ್ಲಿ ನಲವತ್ತಕ್ಕೂ ಮೀರಿ.

ಆದರೆ ಆ ಏಳನ್ನು ನೋಡಿದಾಗ ನಾವು ಸುಮ್ಮನಾದೆವು. ಬಿಂದಿಗೆಯ ಕಂಠದಿಂದ ಹಿಡಿದು ಮೂಲೆಯ ಕಲ್ಲಿನ ಉಳಿಗೆರೆಗಳವರೆಗೆ ಎಲ್ಲವೂ ಸ್ಪಷ್ಟ. ಎರವಲು ತಂದ ಯಂತ್ರದ ಚಿತ್ರಗಳಲ್ಲಿ ನಡುಭಾಗ ಚೆನ್ನಾಗಿದ್ದು ಅಂಚುಗಳು ಎಳೆದಂತೆ ಮಸುಕಾಗಿದ್ದವು. ಕಾರಣವಿಷ್ಟೆ: ಗಾಳಿಗಾಗಿ ಮಾಡಿದ ಲೆನ್ಸು ಚಪ್ಪಟೆ ಗಾಜಿನ ಹಿಂದೆ ಕುಳಿತು ನೀರನ್ನು ನೋಡುತ್ತದೆ; ಮಾವನ 15 ಮಿಲಿಮೀಟರಿನ ಲೆನ್ಸಾದರೋ ನೀರನ್ನೇ ಮುಟ್ಟಿಕೊಂಡಿರುವಂತೆ ಲೆಕ್ಕಹಾಕಿ ಮಾಡಿದ್ದು. ನೀರಿನ ಹೊರಗೆ ಅದರಿಂದ ಉಪಯೋಗವಿಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಆ ಹಳೆಯ ಯಂತ್ರದ ಒಳಗಿರುವುದು ವಿದ್ಯುತ್ ಮಂಡಲ. ರಬ್ಬರಿನ ಉಂಗುರವೊಂದು ಸೋತು ಉಪ್ಪುನೀರು ನುಗ್ಗಿದರೆ ತಯಾರಕರಿಂದ ಬಿಡಿಭಾಗ ಬಾರದು. ನೇತ್ರಾಣಿಯ ಕೆಲಸವನ್ನೆಲ್ಲ ಅದರ ಮೇಲೆ ಹೊರಿಸುವುದು ಸಲ್ಲದು. ಆದರೆ ಈ ಬಗೆಯ ಹಳೆಯ ಲೆನ್ಸುಗಳನ್ನು ಹೊಸ ಕ್ಯಾಮರಾಗಳಿಗೆ ಕೂಡಿಸುವ ಕವಚಗಳನ್ನು ಈಗ ಮಾಡುತ್ತಿದ್ದಾರೆ. ಆದುದರಿಂದ ಲೆನ್ಸನ್ನು ಮಾತ್ರ ಮಾರಕೂಡದು. ಮೊದಲು ಪಂಪು ಬರಲಿ. ಕ್ಯಾಮರಾ ಒಂದು ವರ್ಷ ಕಾಯಲಿ. ಈ ಕೊನೆಯ ಮಾತಿಗೆ ಅಡುಗೆಮನೆಯಿಂದ ಎರಡನೆಯ ಲೋಟ ಕಾಫಿ ಬಂದಿತು.

ಗಿರಾಕಿಯು ಎಲ್ಲವನ್ನೂ ಒಟ್ಟಿಗೆ ಕೇಳಿದ್ದನಾದ್ದರಿಂದ ಮಾರಾಟವು ನಿಂತಿತು. ನಿಂತದ್ದೂ ಒಳ್ಳೆಯದೇ ಆಯಿತು. ಬಾವಿಯ ಪರೀಕ್ಷೆಯ ದಿನ ನೆರೆಮನೆಯ ವೃದ್ಧೆಯೊಬ್ಬಳು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ತವರೂರು ಕಬಿನಿಯೊಳಗೆ ಮುಳುಗಿದ ಊರುಗಳಲ್ಲೊಂದು. "ನಮ್ಮೂರು ಆ ನೀರ್ನೊಳಗದೆ ಕಣ್ ಮಗ. ಈ ಪೆಟ್ಟಿಗೇಲಿ ಕಾಣ್ತದಾ?" ಎಂದು ಕೇಳಿದಳು. ಶಿಷ್ಯನು ನಮ್ಮ ಮುಖ ನೋಡಿದನು. ಅರ್ಧ ಶತಮಾನದ ಹೂಳಿನ ಕೆಳಗಿರುವುದನ್ನು ಯಾವ ಲೆನ್ಸೂ ಕಾಣದು. ಅವನು ಅದನ್ನೇ ಮೆಲ್ಲಗೆ ಹೇಳಿದನು.

ಹಳೆಯ ಕ್ಯಾಮರಾದೊಡನೆ 35 ಮಿಲಿಮೀಟರಿನ ಇನ್ನೊಂದು ಲೆನ್ಸಿತ್ತು. ಅದು ನೀರಿನಲ್ಲಿಯೂ ನೆಲದ ಮೇಲೆಯೂ ನಡೆಯುವಂಥದು. ಫಿಲ್ಮಿನಲ್ಲಿ ಇನ್ನೂ ನಾಲ್ಕು ಚಿತ್ರಗಳಿಗೆ ಸ್ಥಳವಿತ್ತು. ಸಂಜೆ ದನಗಳು ನೀರು ಕುಡಿಯುವ ದಡಕ್ಕೆ ಅವಳನ್ನು ಕರೆದೊಯ್ದೆವು. ಅವಳು ಕೈಚಾಚಿ, ಎರಡು ಬೊಡ್ಡೆಗಳ ನಡುವೆ ಅಂದಾಜು ಮಾಡಿ, ಮನೆ ಇದ್ದ ಸ್ಥಳವನ್ನೂ ಮಾರಿಗುಡಿಯನ್ನೂ ತೋರಿಸಿದಳು. ಅವನು ಚಿತ್ರ ತೆಗೆದನು. ಪ್ರತಿಯು ಬಂದಾಗ ಬಹಳ ಹೊತ್ತು ನೋಡಿ, ಬೇರೆ ಊರಿನಲ್ಲಿರುವ ತಂಗಿಗೂ ಒಂದು ಬೇಕೆಂದಳು. ನೆಗೆಟಿವನ್ನು ಮೈಸೂರಿಗೆ ಕಳುಹಿಸಲಾಗಿದೆ.