ನೀಲಿ ಗುಳಿಗೆ

ಕಳೆದ ಜೂನ್‌ನಲ್ಲಿ ಶಾಲೆ ಸುರುವಾದ ವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಒಂದನೇ ಇಯತ್ತೆಗೆ ಹೆಸರು ಹಚ್ಚಬೇಕಿತ್ತು. "ಇಷ್ಟ ದೊಡ್ಡ ಹುಡುಗನ್ನ ಯಾಕ ಹೊತ್ತೀಯವ್ವಾ, ಇಳಸು" ಎಂದೆವು.

"ನಡಿಯಾಕ ಬರೂದಿಲ್ರೀ ಅಕ್ಕೋರ" ಎಂದಳು.

ಹುಟ್ಟುವಾಗಲೇ ಮಗುವಿನ ಬೆನ್ನೆಲುಬು ಪೂರ್ತಿ ಮುಚ್ಚಿರಲಿಲ್ಲವಂತೆ. ಆಪರೇಶನ್ ಆಗಿದೆ. ಆದರೂ ಕಾಲಲ್ಲಿ ಬಲವಿಲ್ಲ, ಮೂತ್ರ ತಡೆಯಲು ಆಗುವುದಿಲ್ಲ. ಹುಡುಗ ಮಾತ್ರ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದ.

"ಬಸರಾಗೂ ಮೊದಲ ಫೋಲಿಕ್ ಆಸಿಡ್ ಗುಳಿಗಿ ಸುರು ಮಾಡಬೇಕಿತ್ತು ಅಂದ್ರು ಡಾಕ್ಟರು. ಸಾಲ್ಯಾಗ ನೀವು ಕೊಡ್ತಿದ್ದ ನೀಲಿ ಗುಳಿಗ್ಯಾಗೂ ಅದ ಇತ್ತಂತ. ನಾವೆಲ್ಲಾ ಅದನ್ನ ಹಿತ್ತಲದಾಗ ಉಗಳತಿದ್ವಿ" ಎಂದು ನಕ್ಕಳು. ನಮಗೆ ನಗು ಬರಲಿಲ್ಲ.

2013ರಲ್ಲಿ ಆ ಯೋಜನೆ ಬಂದಾಗ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಹಂಚಿ, ರಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದವರು ನಾವೇ. ಮಾಹಿತಿ ಪತ್ರಕ ಮರಾಠಿಯಲ್ಲಿ ಬರುತ್ತಿತ್ತು. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ವ್ಯವಧಾನ ನಮಗಿರಲಿಲ್ಲ. ವಾರಕ್ಕೊಂದು ಗುಳಿಗೆ ನುಂಗಿದ್ದರೆ ಆ ಮಗುವಿಗೆ ಹೀಗಾಗುತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಇಂಥದ್ದಕ್ಕೆ ಕಾರಣಗಳು ಹಲವು. ಆದರೆ ಅದು ಯಾತಕ್ಕೆ ಎಂದು ನಾವು ಹೇಳಿದ್ದರೆ, ಮದುವೆಯಾದ ಮೇಲೆ ಅವಳೇ ಕೇಳಿ ಪಡೆಯುತ್ತಿದ್ದಳೇನೋ.

ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳಬೇಕು. ಆಗ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ನಮ್ಮ ಜತ್ತ ಭಾಗದಲ್ಲಿ ದೀಪಾವಳಿ ಸುಮಾರಿಗೆ ಕಬ್ಬು ಕಡಿಯಲು ಹೋದವರು ಊರಿಗೆ ಮರಳಿ ಹೆಸರು ಬರೆಸುವಷ್ಟರಲ್ಲಿ ಆ ಹೊತ್ತು ಮುಗಿದೇ ಹೋಗಿರುತ್ತದೆ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೊದಲೇ ಸುರು ಮಾಡಬೇಕೆನ್ನುವುದು. ಇಂಥ ಮಗು ಹುಟ್ಟಿದ ತಾಯಂದಿರಿಗೆ ಮುಂದಿನ ಬಸುರಿಗೆ ಮುಂಚೆ ಇದರ ಹತ್ತುಪಟ್ಟು ಕೊಟ್ಟು ನೋಡಿದಾಗ ತೊಂದರೆ ನೂರಕ್ಕೆ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಪ್ರಕಟವಾಯಿತು. ಆ ಪ್ರಮಾಣ ಮಾತ್ರ ಡಾಕ್ಟರೇ ಹೇಳಬೇಕು.

ಈ ಕಥೆಯ ಬೇರು ನಮ್ಮ ಮಹಾರಾಷ್ಟ್ರದಲ್ಲೇ ಇದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಗಿರಣಿಯಲ್ಲಿ ದುಡಿಯುವ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡು 1931ರಲ್ಲಿ ಬರೆದಳು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಎಲೆಯಿಂದ ಈ ಆಮ್ಲವನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ 'ಫೋಲಿಯಂ' ಅಂದರೆ ಎಲೆ, ಅದರಿಂದಲೇ ಈ ಹೆಸರು.

ಈಗ ನಾವು ಊಟವಾದ ಮೇಲೆಯೇ ಗುಳಿಗೆ ಕೊಡುತ್ತೇವೆ. ಹಸಿದ ಹೊಟ್ಟೆಗೆ ವಾಕರಿಕೆ ಬರುವುದಕ್ಕೇ ಹುಡುಗಿಯರು ಉಗುಳುತ್ತಿದ್ದರು. ಯಾಕೆ ಕೊಡುತ್ತೇವೆಂದು ಫಲಕದ ಮೇಲೆ ಕನ್ನಡದಲ್ಲಿ ಬರೆಯುತ್ತೇವೆ. ಪಾಲಕ್, ಹೆಸರುಕಾಳು, ಕಡಲೆ, ಶೇಂಗಾ ತಿನ್ನಿರೆಂದೂ, ಗುಳಿಗೆ ನುಂಗಿದ ಕೂಡಲೇ ಚಹಾ ಬೇಡವೆಂದೂ ಹೇಳುತ್ತೇವೆ. ಏಳನೇ ಇಯತ್ತೆಯ ಹುಡುಗಿಯರು ಅದನ್ನೇ ಮನೆಯ ಅತ್ತಿಗೆಯರಿಗೆ ಹೇಳುತ್ತಾರೆ.

ಆ ಹುಡುಗ ಮೊದಲ ಸಾಲಿನಲ್ಲಿ ಕೂಡುತ್ತಾನೆ. ಬಾಗಿಲಿಗೆ ಇಳಿಜಾರು ಮಾಡಿಸಿದ್ದೇವೆ, ಶೌಚಾಲಯಕ್ಕೆ ಇನ್ನೂ ಆಗಿಲ್ಲ. ಮಧ್ಯಾಹ್ನ ಅವನ ತಾಯಿ ಬಂದು ಬಟ್ಟೆ ಬದಲಿಸಿ ಹೋಗುತ್ತಾಳೆ. ಗಡಿಯಾಚೆಯ, ಈಚೆಯ ಶಿಕ್ಷಕ ಬಂಧುಗಳೇ, ಮುಂದಿನ ವಾರ ಗುಳಿಗೆ ಹಂಚುವಾಗ ಐದು ನಿಮಿಷ ನಿಂತು ಅದು ಯಾತಕ್ಕೆಂದು ಹೇಳಿರಿ.